ಬೋರ್ಡಿನ ಮೇಲೆ ಅರ್ಧ ಹೆಸರು

ಬೋರ್ಡು ಬರೆಯುವವನು ಏಣಿಯ ಮೇಲೆ ಕೂತೇ ಒಂದು ಲೋಟ ಟೀ ಮುಗಿಸಿದ. ಕೆಳಗೆ ಹೆಸರು ಇನ್ನೂ ಹುಟ್ಟಿರಲಿಲ್ಲ.

"ಅಕ್ಕಾ, ಬಣ್ಣ ಒಣಗ್ತಾ ಇದೆ. ಏನ್ ಬರೀಲಿ ಹೇಳ್ಬಿಡಿ. ಇಲ್ಲಾಂದ್ರೆ ನನ್ ಹೆಸರೇ ಬರೆದು ಹೋಗ್ತೀನಿ ನೋಡಿ" ಎಂದು ಮೇಲಿಂದಲೇ ಕೂಗಿದ.

ಅಕ್ಕ ಅಂದರೆ ಅಡುಗೆ ಅಕ್ಕ. ಆ ಬೀದಿಯಲ್ಲಿ ಆಕೆಗಿಂತ ಹತ್ತು ವರ್ಷ ಹಿರಿಯನಾದ ಹಾಲಿನವನೂ ಆಕೆಯನ್ನು ಅಕ್ಕ ಅಂತಲೇ ಕರೆಯುತ್ತಿದ್ದ. ಮದುವೆಯಾದ ಹೊಸದರಲ್ಲಿ ಸಭಾಭವನದ ಅಡುಗೆಮನೆಗೆ ತರಕಾರಿ ಹೆಚ್ಚುವ ಕೆಲಸಕ್ಕೆ ಸೇರಿದವಳು, ಆಮೇಲೆ ಒಲೆಗೆ ಬಂದಳು, ಆಮೇಲೆ ಆ ಒಲೆ ಅವಳದೇ ಆಯಿತು. ಎಷ್ಟು ದೊಡ್ಡ ಹಂಡೆಯೇ ಇರಲಿ, ಸೌಟು ಎತ್ತಿ ಅಂಗೈಯ ಗುಳಿಗೆ ಒಂದು ತೊಟ್ಟು ಬಿಟ್ಟುಕೊಂಡು ನೆಕ್ಕುವಳು. ಕಣ್ಣು ಮುಚ್ಚಿ ಒಂದು ಗಳಿಗೆ ನಿಲ್ಲುವಳು. ಆಮೇಲೆ ಉಪ್ಪಿನ ಡಬ್ಬಿಗೆ ಕೈ ಹಾಕಿದಳೆಂದರೆ ಮುಗಿಯಿತು, ಮತ್ತೆ ಯಾರೂ ಅದಕ್ಕೆ ಕೈ ಹಾಕುವಂತಿರಲಿಲ್ಲ. ಉಂಡು ಎದ್ದವರು ಅಡುಗೆಮನೆಯ ಬಾಗಿಲಿಗೆ ಬಂದು, ಮಾಡಿದವರು ಯಾರು ಅಂತ ಇಣುಕಿ ನೋಡಿ ಹೋಗುತ್ತಿದ್ದರು. ಅಕ್ಕ ಮಾತ್ರ ಬೆವರು ಒರೆಸಿಕೊಳ್ಳುತ್ತ, ಹೊಗಳಿಕೆ ಕಿವಿಗೆ ಬಿದ್ದೇ ಇಲ್ಲವೇನೋ ಅನ್ನುವಂತೆ ಪಾತ್ರೆ ಎತ್ತಿಡುವಳು. ಕಿವಿಗೆ ಬೀಳದೆ ಏನು? ಮನೆಗೆ ಬಂದು ಗಂಡನಿಗೆ ಒಂದಕ್ಷರ ಬಿಡದೆ ಹೇಳುವಳು.

ಹೋದ ಚಳಿಗಾಲದಲ್ಲಿ ಸಭಾಭವನವನ್ನು ಕೆಡವಿದರು. ಅದೇ ಹೊತ್ತಿಗೆ ಅಕ್ಕ ಜ್ವರ ಬಂದು ಮಲಗಿದಳು. ಅವಳು ಏಳುವುದರೊಳಗೆ ಮಗ ತನ್ನ ವ್ಯಾನ್ ಡ್ರೈವರ್ ಕೆಲಸ ಬಿಟ್ಟು, ಮನೆ ಪಕ್ಕದ ಹಳೇ ಟೈರಿನ ಷೆಡ್ಡು ಬಾಡಿಗೆಗೆ ಹಿಡಿದು, ಒಲೆ ಕಟ್ಟಿಸಿ, "ಅಮ್ಮ, ಇನ್ನೊಬ್ಬರ ಹತ್ರ ದುಡಿದಿದ್ದು ಸಾಕು, ಇನ್ನು ನಮ್ದೇ ಅಡುಗೆಮನೆ" ಅಂದುಬಿಟ್ಟಿದ್ದ. ಅಕ್ಕ ಸಂತೋಷಪಟ್ಟಳು. ಸಂತೋಷಕ್ಕೆ ಒಂದು ಲೋಟ ಕಾಫಿ ಮಾಡಿಕೊಂಡು ಕುಡಿದಳು. ಕಾಫಿ ಬಿಸಿನೀರಿನ ಹಾಗಿತ್ತು. ಸಕ್ಕರೆ ಹಾಕಿದಳು, ಮತ್ತೆ ಹಾಕಿದಳು. ಬಿಸಿನೀರೇ. ಡಬ್ಬಿಯಿಂದ ಒಂದು ಹರಳು ಉಪ್ಪು ತೆಗೆದು ನಾಲಿಗೆಯ ಮೇಲಿಟ್ಟುಕೊಂಡಳು. ಕಲ್ಲಿನ ಚೂರು ಇಟ್ಟುಕೊಂಡಂತಿತ್ತು.

ಇವತ್ತು ಬರುತ್ತದೆ, ನಾಳೆ ಬರುತ್ತದೆ ಅಂತ ಕಾದಳು. ನಾಲಿಗೆ ತಿರುಗಿ ಬರಲಿಲ್ಲ. ಮೂಗೂ ಅದರ ಜೊತೆಗೇ ಹೋಗಿತ್ತು. ಷೆಡ್ಡಿಗೆ ಕಾಲಿಟ್ಟವರೆಲ್ಲ "ಥೂ, ಇನ್ನೂ ರಬ್ಬರ್ ವಾಸನೆ" ಅನ್ನುವರು, ಅಕ್ಕನೂ ಸೆರಗು ಮೂಗಿಗೆ ಹಿಡಿದು "ಹೌದೌದು" ಅನ್ನುವಳು. ಮಗ ಇದ್ದ ಕೆಲಸ ಬಿಟ್ಟು ಕೂತಿದ್ದಾನೆ, ಅಮ್ಮನ ಕೈ ನಂಬಿ ಒಲೆ ಕಟ್ಟಿಸಿದ್ದಾನೆ. ಈಗ ಹೋಗಿ ಏನಂತ ಹೇಳುವುದು?

ಯಾರಿಗೂ ಹೇಳಲಿಲ್ಲ. ಆದರೆ ಒಬ್ಬಳಿಗೆ ಗೊತ್ತಾಯಿತು. ಅದೂ ಯಾರಿಗೆ? ಸೊಸೆಗೆ!

ಸೊಸೆ ಔಷಧಿ ಅಂಗಡಿಯಲ್ಲಿ ಬಿಲ್ ಹಾಕುತ್ತಿದ್ದ ಹುಡುಗಿ. ಈ ಮನೆಗೆ ಬಂದಾಗ ಅವಳಿಗೆ ಅನ್ನ ಬಸಿಯಲೂ ಬರುತ್ತಿರಲಿಲ್ಲ. "ನೀರು ಕಾಯಿಸಿದ್ರೂ ತಳ ಹಿಡಿಸೋ ಪುಣ್ಯಾತ್ಗಿತ್ತಿ" ಅಂತ ಅಕ್ಕ ಅಕ್ಕಪಕ್ಕದವರ ಮುಂದೆ ಆಡಿಕೊಂಡು ನಕ್ಕಿದ್ದಳು, ಸೊಸೆಗೆ ಕೇಳಿಸುವ ಹಾಗೆಯೇ. ಜ್ವರ ಬಿಟ್ಟ ವಾರದಲ್ಲಿ ಒಂದು ದಿನ ಅಕ್ಕ ಸೂಪಿಗೆ ಉಪ್ಪು ಹಾಕುವುದನ್ನೇ ಮರೆತು, ಅದನ್ನೇ ಬಡಿಸಿಕೊಂಡು "ಇವತ್ತು ಚೆನ್ನಾಗಿ ಕೂತಿದೆ" ಎಂದು ಸುರಿದುಕೊಂಡು ಉಂಡಳು. ಸೊಸೆ ತಲೆ ಎತ್ತಿ ನೋಡಿದಳು. ಎದ್ದು ಹೋಗಿ, ಗಂಡಸರಿಗೆ ಬಡಿಸುವ ಮೊದಲು ಪಾತ್ರೆಗೆ ಉಪ್ಪು ಹಾಕಿದಳು.

ಮಾರನೇ ದಿನದಿಂದ ಅವಳು ಒಲೆಯ ಪಕ್ಕ ಬಂದು ನಿಲ್ಲತೊಡಗಿದಳು. ಅತ್ತೆ ಕಲಕುವಾಗ ತನ್ನ ಅಂಗೈಗೆ ಒಂದು ತೊಟ್ಟು ಬಿಟ್ಟುಕೊಂಡು ನೆಕ್ಕುವಳು. ಉಪ್ಪಿನ ಡಬ್ಬಿಯ ಕಡೆ ನೋಡುತ್ತ "ಒಲೆ ಸಣ್ಣ ಮಾಡ್ಲಾ ಅತ್ತೆ?" ಅಂದರೆ ಉಪ್ಪು ಕಮ್ಮಿ ಅಂತ ಅರ್ಥ. "ಮುಚ್ಚಿಡ್ಲಾ?" ಅಂದರೆ ಸರಿಯಾಗಿದೆ ಅಂತ. ಈ ಭಾಷೆಯನ್ನು ಇಬ್ಬರೂ ಕೂತು ಮಾಡಿಕೊಂಡದ್ದಲ್ಲ. ಆ ಸಂಗತಿಯನ್ನು ಬಾಯಿಬಿಟ್ಟು ಆಡಿದವರೂ ಅಲ್ಲ. ಹೊರಗಿನಿಂದ ನೋಡಿದವರಿಗೆ, ಆಹಾ, ಅತ್ತೆ ಸೊಸೆಗೆ ಕೆಲಸ ಕಲಿಸುತ್ತಿದ್ದಾಳೆ ಅನ್ನಿಸುತ್ತಿತ್ತು.

ಅಕ್ಕನಿಗೆ ಇದರಿಂದ ನೆಮ್ಮದಿ ಸಿಕ್ಕಿತು ಅಂದುಕೊಂಡಿರಾ? ಸಿಕ್ಕಿದ್ದು ಭಯ. ತಾನು ಆಡಿಕೊಂಡು ನಕ್ಕಿದ್ದ ಸೊಸೆಯ ಕೈಯಲ್ಲೇ ತನ್ನ ಜುಟ್ಟು ಸಿಕ್ಕಿಬಿಟ್ಟಿತಲ್ಲ! ಇವಳು ಯಾಕೆ ಸುಮ್ಮನಿದ್ದಾಳೆ? ಯಾವತ್ತು ಬಾಯಿ ಬಿಡುತ್ತಾಳೆ? ಸೊಸೆ ಕೆಮ್ಮಿದರೂ ಅಕ್ಕನಿಗೆ ಜೀವ ಬಾಯಿಗೆ ಬರುತ್ತಿತ್ತು.

ಈಗ ಇವತ್ತಿನ ವಿಷಯ. ದೊಡ್ಡಾಸ್ಪತ್ರೆಯ ನರ್ಸುಗಳ ಹಾಸ್ಟೆಲ್ಲಿಗೆ ದಿನಾ ಎರಡು ಹೊತ್ತು ಊಟ ಕಳಿಸುವವರು ಬೇಕಾಗಿದ್ದರು. ಹಾಸ್ಟೆಲ್ ಮೇಡಂ ಹಿಂದೆ ಸಭಾಭವನದಲ್ಲಿ ಅಕ್ಕನ ಕೈ ಊಟ ಉಂಡಿದ್ದವರು. "ಹೆಸರಿಲ್ಲದ ಜಾಗದಿಂದ ನಮ್ಮ ಹುಡುಗೀರಿಗೆ ಊಟ ತರಿಸೋಕಾಗಲ್ಲ. ಒಂದು ಹೆಸರಿಟ್ಟು ಬೋರ್ಡ್ ಹಾಕಿ. ಮಧ್ಯಾಹ್ನ ನಾನೇ ಬಂದು ರುಚಿ ನೋಡ್ತೀನಿ" ಅಂದಿದ್ದರು. ಈ ಊಟದ ಆರ್ಡರ್ ಸಿಕ್ಕಿದರೆ ಅಡುಗೆಮನೆ ನಿಲ್ಲುತ್ತದೆ. ಸಿಗದಿದ್ದರೆ ಷೆಡ್ಡಿನ ಬಾಗಿಲು ಎಳೆದು, ಮಗ ಮತ್ತೆ ಯಾರದೋ ವ್ಯಾನಿನ ಬಾಗಿಲಿಗೆ ಹೋಗಿ ಕೈ ಕಟ್ಟಿ ನಿಲ್ಲಬೇಕು.

"ರಾಯಲ್ ಫುಡ್ಸ್" ಅಂದ ಮಗ.

"ಯಾವ ರಾಜ ಬರ್ತಾನೋ ಇಲ್ಲಿಗೆ, ಟೈರ್ ವಾಸನೆ ಕುಡಿಯೋಕೆ?" ಅಂದರು ಯಜಮಾನರು. ಅಕ್ಕನ ಗಂಡ, ಬಸ್ ಕಂಡಕ್ಟರಾಗಿ ನಿವೃತ್ತರಾದವರು. ಮನೆಯಲ್ಲೂ ಎಲ್ಲರನ್ನೂ "ಒಳಗೆ ಹೋಗಿ, ಒಳಗೆ ಹೋಗಿ" ಅಂತಲೇ ಓಡಾಡಿಸುವರು. "ಅದೆಲ್ಲ ಬೇಡ. ಬರೆಯಪ್ಪ, ‘ಅಕ್ಕನ ಕೈರುಚಿ’. ಈ ಬೀದಿಗೆಲ್ಲ ಗೊತ್ತಿರೋ ಸತ್ಯ ಅದೊಂದೇ. ರೈಟ್?"

"ರೈಟ್!" ಅಂದ ಬೋರ್ಡಿನವನು. "ವಾವ್ ಅಪ್ಪ" ಅಂದ ಮಗ.

ಅಕ್ಕ ತಲೆ ಅಲ್ಲಾಡಿಸಿದಳು. "ಬೇಡ" ಅಂದಳು.

"ಯಾಕೆ ಬೇಡ?"

"ಬೇಡ ಅಂದ್ರೆ ಬೇಡ. ಬೇರೆ ಏನಾದ್ರೂ ಇಡಿ. ಗುಡ್ ಲಕ್ ಅಂತಿಡಿ, ರಾಯಲ್ ಅಂತಾನೇ ಇಡಿ."

"ನೋಡಿದ್ರಾ, ನಾಚ್ಕೋತಿದ್ದಾಳೆ" ಎಂದು ಯಜಮಾನರು ನಕ್ಕರು. "ಲೇ, ಇಷ್ಟು ವರ್ಷ ಬೇರೆಯವರ ಹೆಸರಲ್ಲಿ ಬೇಯಿಸಿ ಹಾಕಿದೀಯ. ನಿನ್ನ ಕೈಗೆ ಒಂದು ಬೋರ್ಡು ಬೇಡ್ವಾ? ನಾನು ಸಾಯೋದರೊಳಗೆ ನೋಡ್ಬೇಕು ಅದನ್ನ."

ಪ್ರೀತಿಯಿಂದ ಆಡಿದ ಮಾತು. ಅದೇ ಅಕ್ಕನನ್ನು ಕೊಯ್ದದ್ದು. ಇಲ್ಲದ ರುಚಿಯನ್ನು ಬೀದಿಗೆ ಕಾಣುವ ಹಾಗೆ ಬರೆಸಿ, ಅದರ ಕೆಳಗೆ ದಿನಾ ನಿಲ್ಲಬೇಕು. ಅವಳು ಸೊಸೆಯ ಕಡೆ ನೋಡಿದಳು. ಸೊಸೆ ಷೆಡ್ಡಿನ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಳ್ಳುತ್ತಿದ್ದಳು. ತಿರುಗಿ ಒಲೆಯ ಹತ್ತಿರ ಹೋದಳು.

ಅಕ್ಕ ಇನ್ನೂ ಸ್ವಲ್ಪ ಹೊತ್ತು ವಾದ ಮಾಡಿದಳು. ಯಾರೂ ಸೊಪ್ಪು ಹಾಕಲಿಲ್ಲ. ಬೋರ್ಡಿನವನು ಕುಂಚ ಅದ್ದಿ ಮೊದಲಕ್ಷರ ಎಳೆದೇಬಿಟ್ಟ.

ಅಕ್ಕ ಒಳಗೆ ಬಂದಳು. ಬಟಾಣಿ ಅನ್ನ ಆಗಿತ್ತು, ಹುರಿದ ಆಲೂಗಡ್ಡೆ ಆಗಿತ್ತು, ಎರಡಕ್ಕೂ ಸೊಸೆ ಬೆಳಿಗ್ಗೆಯೇ "ಮುಚ್ಚಿಡ್ಲಾ?" ಅಂದಾಗಿತ್ತು. ಉಳಿದದ್ದು ಬೇಳೆ ಸೂಪು. ಮುಚ್ಚಿಟ್ಟಿದ್ದ ಮುಚ್ಚಳ ತೆಗೆದು ಕಲಕುತ್ತ ಅಕ್ಕ ಕಾದಳು. ಈಗ ಸೊಸೆ ಪಕ್ಕಕ್ಕೆ ಬರಬೇಕು, ಅಂಗೈ ಚಾಚಬೇಕು. ಸೊಸೆ ಬರಲಿಲ್ಲ. ಕೈ ಒರೆಸಿಕೊಂಡು ಸೀದಾ ಹೊರಗೆ ನಡೆದಳು.

ಅಕ್ಕ ಕಿಟಕಿಯಿಂದ ಬಗ್ಗಿ ನೋಡಿದಳು. ಸೊಸೆ ಏಣಿಯ ಕೆಳಗೆ ನಿಂತು, ತಲೆ ಎತ್ತಿ, ಬೋರ್ಡಿನವನಿಗೆ ಮೆಲ್ಲಗೆ ಏನೋ ಹೇಳುತ್ತಿದ್ದಾಳೆ. ಬೋರ್ಡಿನವನ ಕುಂಚ ನಿಂತಿತು. ಅವನು ಅಡುಗೆಮನೆಯ ಕಡೆ ತಿರುಗಿ ನೋಡಿ, ತಲೆ ಆಡಿಸಿ, ಬರೆದದ್ದನ್ನು ಬಟ್ಟೆಯಿಂದ ಒರೆಸತೊಡಗಿದ.

ಹೇಳಿಬಿಟ್ಟಳು! ಇಷ್ಟು ದಿನ ಹೊಂಚು ಹಾಕಿ, ಸರಿಯಾಗಿ ಇವತ್ತು, ಈ ಗಳಿಗೆಯಲ್ಲಿ ಸೇಡು ತೀರಿಸಿಕೊಂಡಳು. ತನ್ನ ಹೆಸರು ಬರೆಸಿಕೊಳ್ಳುತ್ತಾಳೋ ಏನೋ. ಬರೆಸಿಕೊಳ್ಳಲಿ! "ನಿನ್ನ ನಾಲಿಗೆ ಇಲ್ದೆ ನನ್ನ ಒಲೆ ಉರಿಯಲ್ಲ ಅಂದ್ಕೊಂಡ್ಯಾ? ನನ್ನ ಕೈಗೆ ಅಳತೆ ಗೊತ್ತಿಲ್ವಾ?" ಎಂದು ಹಲ್ಲು ಕಚ್ಚಿ, ಡಬ್ಬಿಗೆ ಕೈ ಹಾಕಿ, ಆ ಪಾತ್ರೆಗೆ ಎಷ್ಟು ಬೇಕೋ ಅಷ್ಟು ಉಪ್ಪನ್ನು ತಾನೇ ಹಾಕಿ ಕಲಕಿದಳು. ಕೈಯ ಅಳತೆ ಎಳ್ಳಷ್ಟೂ ತಪ್ಪಿರಲಿಲ್ಲ. ಆದರೆ ಆ ಸೂಪಿಗೆ, ಅತ್ತೆ ಹೊರಗೆ ವಾದ ಮಾಡುತ್ತಿದ್ದಾಗಲೇ ಸೊಸೆ ಉಪ್ಪು ಹಾಕಿ, ನೆಕ್ಕಿ ನೋಡಿ, ಮುಚ್ಚಿಟ್ಟು ಹೋಗಿದ್ದಳು.

ಸ್ವಲ್ಪ ಹೊತ್ತಿಗೆ ಹೊರಗೆ ಆಟೋ ನಿಂತ ಸದ್ದಾಯಿತು. ಮೇಡಂ ಬಂದರು.

ಬೋರ್ಡಿನ ಮೇಲೆ ‘ಅಕ್ಕನ’ ಅಂತ ಮಾತ್ರ ಇತ್ತು. ಮೇಡಂ ಅದನ್ನು ಓದಿ, "ಅಕ್ಕನ ಏನು?" ಎಂದು ಕೇಳುತ್ತಲೇ ಒಳಗೆ ಬಂದು ಕೂತರು. ಕನ್ನಡಕವನ್ನು ದಾರಕ್ಕೆ ಕಟ್ಟಿ ಕೊರಳಿಗೆ ಹಾಕಿಕೊಂಡ, ಸುಮ್ಮಸುಮ್ಮನೆ ನಗದ ಹೆಂಗಸು. ಮಗ ತಟ್ಟೆ ಇಟ್ಟ. ಯಜಮಾನರು ಪಕ್ಕದಲ್ಲಿ ಕೈಕಟ್ಟಿ ನಿಂತರು. ಸೊಸೆ ಬಡಿಸಿದಳು. ಮೇಡಂ ಮೊದಲು ಸೂಪಿನ ಬಟ್ಟಲಿಗೇ ಕೈ ಹಾಕಿದರು.

ಒಂದು ಚಮಚ ಬಾಯಿಗಿಟ್ಟರು. ಮುಖ ಹಿಂಡಿಹೋಯಿತು. ಚಮಚ ಕೆಳಗಿಟ್ಟು, ನೀರಿನ ಲೋಟ ಎತ್ತಿ ಅರ್ಧ ಕುಡಿದು, "ಏನ್ರೀ ಇದು? ಸಮುದ್ರದ ನೀರು ತಂದು ಬೇಳೆ ಬೇಯಿಸಿದ್ದೀರಾ?" ಅಂದರು.

ಯಜಮಾನರು ಓಡಿಹೋಗಿ ಪಾತ್ರೆಯಿಂದ ಒಂದು ಗುಟುಕು ಕುಡಿದು, ಬಾಗಿಲಾಚೆ ಉಗುಳಿ ಬಂದರು. ಅವರ ಕಣ್ಣು ಹೆಂಡತಿಯ ಕಡೆ ಹೋಗಲೇ ಇಲ್ಲ. ಅವಳ ಕೈ ತಪ್ಪುವುದುಂಟೇ? ನೇರ ಸೊಸೆಯ ಮೇಲೆ ಹೋಗಿ ನಿಂತಿತು. ಮಗನಿಗಂತೂ ಮೈಮೇಲೆ ಎಚ್ಚರವಿರಲಿಲ್ಲ. "ಉಪ್ಪು ನೀನು ಹಾಕಿದ್ಯಾ? ನಿನಗ್ಯಾಕೆ ಬೇಕಿತ್ತು? ಎಲ್ಲಾ ಮಣ್ಣುಪಾಲು ಮಾಡಿದ್ಯಲ್ಲೇ!" ಎಂದು ಹೆಂಡತಿಯ ಮೇಲೆ ಕೂಗಿದ.

ಸೊಸೆ ಒಂದು ಕ್ಷಣ ಅತ್ತೆಯ ಮುಖ ನೋಡಿದಳು. ಆ ಕೈಬೆರಳುಗಳಿಗೆ ಅಂಟಿದ್ದ ಉಪ್ಪಿನ ಪುಡಿಯನ್ನೂ ನೋಡಿದಳು. ಎಲ್ಲ ಅರ್ಥವಾಯಿತು. ಅಕ್ಕ ಕಣ್ಣು ಮುಚ್ಚಿಕೊಂಡಳು. ಈಗ ಹೇಳುತ್ತಾಳೆ.

"ಹೂಂ, ನಾನೇ" ಅಂದಳು ಸೊಸೆ, ತಲೆ ತಗ್ಗಿಸಿ. "ಹಾಕಿದ್ದು ಮರ್ತು ಇನ್ನೊಂದ್ಸಲ ಹಾಕ್ಬಿಟ್ಟೆ. ತಪ್ಪಾಯ್ತು ಮೇಡಂ."

ಮೇಡಂ ಕೈ ಒರೆಸಿಕೊಂಡರು. "ನೋಡಿ, ನಾನು ಬಂದಿದ್ದು ಅಕ್ಕನ ಅಡುಗೆ ಅಂತ. ಆ ಕೈ ನಂಗೆ ಗೊತ್ತು. ಒಂದು ಕೆಲಸ ಮಾಡಿ. ಒಲೆ ಹತ್ರ ಅಕ್ಕ ಒಬ್ರೇ ಇರ್ಬೇಕು. ಈ ಹುಡುಗಿ ಪಾತ್ರೆ ತೊಳೀಲಿ, ಲೆಕ್ಕ ಬರೀಲಿ, ಏನಾದ್ರೂ ಮಾಡ್ಲಿ, ಉಪ್ಪಿನ ಡಬ್ಬಿ ಮಾತ್ರ ಮುಟ್ಟಬಾರ್ದು. ಒಪ್ಪಿಗೆಯಾದ್ರೆ ಸೋಮವಾರದಿಂದ ಊಟ ಕಳಿಸಿ."

"ಆಯ್ತು ಮೇಡಂ! ಇವತ್ತಿಂದಾನೇ ಆಯ್ತು!" ಎಂದು ಮಗ ಕೈ ಮುಗಿದ. ಯಜಮಾನರು ಬಾಗಿಲಿಗೆ ಹೋಗಿ, "ಬರೆಯಪ್ಪ, ಮುಂದಕ್ಕೆ ಬರಿ" ಎಂದು ಮೇಲಕ್ಕೆ ಕೈ ಬೀಸಿದರು.

ಸೊಸೆ ಒಲೆಯ ಹತ್ತಿರದಿಂದ ನಾಲ್ಕು ಹೆಜ್ಜೆ ದೂರ ಸರಿದು, ಪಾತ್ರೆ ತೊಳೆಯುವ ಕಲ್ಲಿನ ಪಕ್ಕ ಹೋಗಿ ನಿಂತಳು. ಕಣ್ಣಲ್ಲಿ ನೀರು ತುಂಬಿತ್ತು, ಬೀಳಲು ಬಿಡಲಿಲ್ಲ.

ಅಕ್ಕ ಬಾಯಿ ಮುಚ್ಚಿಕೊಂಡಿದ್ದರೆ ಎಲ್ಲ ಸಿಗುತ್ತಿತ್ತು. ಬೋರ್ಡು, ಹಾಸ್ಟೆಲ್ಲು, ಗಂಡನ ನಗು, ಎಲ್ಲ. ಸೋಮವಾರದವರೆಗೆ. ಆದರೆ ಆಗ ಅವಳಿಗೆ ಸೋಮವಾರದ ಯೋಚನೆ ಬಂದದ್ದಲ್ಲ. ಮೈಯೆಲ್ಲ ನಾಚಿಕೆ. ಆ ಹುಡುಗಿ ನನ್ನ ಮಾನ ಮುಚ್ಚಲು ತನ್ನ ತಲೆ ಕೊಟ್ಟಳಲ್ಲ, ನಾನು ಇವಳನ್ನು ಏನಂದುಕೊಂಡೆ!

ಅಕ್ಕ ಪಾತ್ರೆಯಿಂದ ಒಂದು ದೊಡ್ಡ ಲೋಟದ ತುಂಬ ಸೂಪು ಬಗ್ಗಿಸಿಕೊಂಡಳು. ಎಲ್ಲರೂ ನೋಡುತ್ತಿದ್ದಂತೆ ಲೋಟ ಎತ್ತಿ, ಗಟಗಟನೆ ಕೊನೆಯ ಹನಿವರೆಗೂ ಕುಡಿದಳು. ಹುಬ್ಬು ಅಲುಗಲಿಲ್ಲ. ಮೂಗು ಮುರಿಯಲಿಲ್ಲ. ಸೆರಗಿನಿಂದ ಬಾಯಿ ಒರೆಸಿಕೊಂಡಳು.

"ಅಮ್ಮ!" ಅಂದ ಮಗ.

"ನನಗೆ ಇದು ಬಿಸಿನೀರು ಕಣೋ" ಅಂದಳು ಅಕ್ಕ. "ಜ್ವರ ಬಂತಲ್ಲ, ಅವತ್ತಿಂದ ನನ್ನ ನಾಲಿಗೆ ಸತ್ತು ಹೋಗಿದೆ. ಉಪ್ಪಿಲ್ಲ, ಹುಳಿಯಿಲ್ಲ, ಖಾರವಿಲ್ಲ. ನಿಮ್ಮ ರಬ್ಬರ್ ವಾಸನೇನೂ ಇಲ್ಲ. ಇಷ್ಟು ದಿನ ನೀವೆಲ್ಲ ಚಪ್ಪರಿಸ್ಕೊಂಡು ತಿಂದ್ರಲ್ಲ, ಅದೆಲ್ಲ ಇವಳು ನೆಕ್ಕಿ ನೋಡಿ ಹೇಳಿದ್ದು. ಇವತ್ತು ಉಪ್ಪು ಸುರಿದಿದ್ದು ನಾನು. ಅವಳ ಮೇಲೆ ಹೊಟ್ಟೆಕಿಚ್ಚು, ಅದಕ್ಕೆ ಸುರಿದೆ. ಅವಳನ್ನ ಒಲೆಯಿಂದ ದೂರ ಇಟ್ರೆ ಮೇಡಂ, ನಿಮ್ಮ ಹುಡುಗೀರು ದಿನಾ ಇದನ್ನೇ ಕುಡೀಬೇಕು."

ಯಜಮಾನರು ಗೋಡೆ ಹಿಡಿದು ಕೂತರು. "ನನಗೂ ಹೇಳ್ಲಿಲ್ವಲ್ಲೇ ನೀನು" ಅಂದರು. ಅದೊಂದೇ ಮಾತು. ಅಕ್ಕನಿಗೆ ಎಲ್ಲಕ್ಕಿಂತ ಚುಚ್ಚಿದ್ದು ಅದೇ.

"ಹೇಗ್ರೀ ಹೇಳ್ಲಿ? ಬೋರ್ಡು ನೋಡ್ಬೇಕು ಅಂತ ಕೂತಿದ್ರಿ ನೀವು" ಅಂದಳು, ಅಳು ಬಂದೇಬಿಟ್ಟಿತು.

ಮಗ ಮೇಡಂ ಮುಖವನ್ನೇ ನೋಡುತ್ತಿದ್ದ. ಮೇಡಂ ಚೀಲ ಹೆಗಲಿಗೇರಿಸಿಕೊಂಡು ಅರ್ಧ ಎದ್ದಿದ್ದರು. ಮುಗಿಯಿತು ಅಂತ ಎಲ್ಲರಿಗೂ ಅನ್ನಿಸಿತು. ಅವರು ನಿಂತಲ್ಲೇ ತಟ್ಟೆಯ ಬಟಾಣಿ ಅನ್ನದಿಂದ ಒಂದು ತುತ್ತು ತೆಗೆದು ಬಾಯಿಗಿಟ್ಟರು. ಅಗಿದರು. ಇನ್ನೊಂದು ತುತ್ತು ತಿಂದರು. ಆಲೂಗಡ್ಡೆ ಮುರಿದು ತಿಂದರು.

"ಇದನ್ನ ಯಾರು ಮಾಡಿದ್ದು?"

"ಕೈ ನಂದು. ರುಚಿ ನೋಡಿದ್ದು ಅವಳು" ಅಂದಳು ಅಕ್ಕ.

ಮೇಡಂ ಚೀಲ ತೆಗೆದು ಮತ್ತೆ ಬೆಂಚಿನ ಮೇಲಿಟ್ಟರು. "ಸೂಪು ಇನ್ನೊಂದ್ಸಲ ಮಾಡಿ. ಇಬ್ರೂ ನನ್ನ ಕಣ್ಣೆದುರಿಗೆ ನಿಂತು ಮಾಡಿ. ಕೂತಿರ್ತೀನಿ" ಅಂದರು. ಮುಖದಲ್ಲಿ ನಗುವೇನೂ ಇರಲಿಲ್ಲ.

ಬೇಳೆ ತೊಳೆಯುವಷ್ಟರಲ್ಲಿ ಬೋರ್ಡಿನವನು ಬಾಗಿಲಿಗೆ ತಲೆ ಹಾಕಿದ. ಒಳಗೆ ಆದದ್ದೊಂದೂ ಅವನಿಗೆ ತಿಳಿದಿರಲಿಲ್ಲ. "ಅಕ್ಕಾ, ಕೈರುಚಿ ಒಂದೇ ಸಾಲಲ್ಲಿ ಹಿಡಿಸಲ್ಲ, ಕೆಳಗೆ ಬರೀಲಾ? ಸೊಸೆಯವರು ಬಂದು ‘ಅಕ್ಕನ’ ಅನ್ನೋದು ರಸ್ತೆಯ ಆ ತುದಿಗೂ ಕಾಣ್ಬೇಕು, ಇಷ್ಟು ಸಣ್ಣಕ್ಕೆ ಬರೀಬೇಡಿ ಅಂದ್ರು. ಅದಕ್ಕೇ ಅಳಿಸಿ ಮತ್ತೆ ದೊಡ್ಡದಾಗಿ ಬರೆದೆ."

ಅಕ್ಕನ ಕೈಯಿಂದ ಬೇಳೆಯ ನೀರು ಸೋರಿಹೋಯಿತು. ಸೊಸೆ ಕುಂಬಳಕಾಯಿ ಹೆಚ್ಚುತ್ತ ತಲೆ ಎತ್ತಲಿಲ್ಲ.

"ಅದನ್ನ ಅಳಿಸಪ್ಪ" ಅಂದಳು ಅಕ್ಕ.

"ಮತ್ತೆ ಅಳಿಸೋದಾ!"

"ಅಳಿಸಿ, ‘ಅತ್ತೆ ಸೊಸೆ’ ಅಂತ ಬರಿ. ಎರಡೂ ಒಂದೇ ಅಳತೆ ಇರ್ಲಿ."

"ಬೇಡ ಅತ್ತೆ" ಎಂದಳು ಸೊಸೆ ಗಾಬರಿಯಿಂದ. "ಜನ ನಗ್ತಾರೆ. ಅತ್ತೆ ಸೊಸೆ ಅಂದ್ರೆ ಯಾರಾದ್ರೂ ಊಟಕ್ಕೆ ಅಂತ ಬರ್ತಾರಾ?"

"ಜಗಳ ನೋಡೋಕಾದ್ರೂ ಬರ್ತಾರೆ" ಅಂದರು ಯಜಮಾನರು, ಗೋಡೆಯ ಪಕ್ಕದಿಂದ ಏಳದೆ. ಅವರ ಸಿಟ್ಟು ಇನ್ನೂ ಇಳಿದಿರಲಿಲ್ಲ, ಆದರೂ ಕೈ ಎತ್ತಿ ಬೋರ್ಡಿನವನಿಗೆ "ರೈಟ್" ಅಂದರು.

ಸೂಪು ಕುದಿಯಿತು. ಮೇಡಂ ಕನ್ನಡಕ ಏರಿಸಿಕೊಂಡು ನೋಡುತ್ತಿದ್ದರು. ಅಕ್ಕ ಅಳತೆಗಿಂತ ಸ್ವಲ್ಪ ಕಮ್ಮಿಯೇ ಉಪ್ಪು ಹಾಕಿ, ಸೌಟು ಎತ್ತಿ, "ಕೈ ಚಾಚಮ್ಮ" ಅಂದಳು. ಸೊಸೆಯ ಅಂಗೈಯ ಗುಳಿಗೆ ತಾನೇ ಒಂದು ತೊಟ್ಟು ಬಿಟ್ಟಳು. ಸೊಸೆ ನೆಕ್ಕಿದಳು, ಅಭ್ಯಾಸಬಲದಿಂದ "ಒಲೆ ಸಣ್ಣ..." ಅಂತ ಶುರು ಮಾಡಿದಳು.

"ಒಲೆ ಹಾಗೇ ಇರ್ಲಿ. ಇರೋದನ್ನ ಹೇಳು. ಎಲ್ರಿಗೂ ಕೇಳೋ ಹಾಗೆ ಹೇಳು" ಅಂದಳು ಅಕ್ಕ.

ಸೊಸೆ ಮೇಡಂ ಕಡೆ ನೋಡಿದಳು, ಗಂಡನ ಕಡೆ ನೋಡಿದಳು. ಗಂಡ ಮುಖ ತಗ್ಗಿಸಿದ. ಅವಳು ಗಂಟಲು ಸರಿಮಾಡಿಕೊಂಡಳು.

"ಉಪ್ಪು ಕಮ್ಮಿ ಅತ್ತೆ. ಇನ್ನೊಂದು ಚಿಟಿಕೆ ಬೇಕು."

ಅಕ್ಕ ಉಪ್ಪಿನ ಡಬ್ಬಿಯನ್ನು ತನ್ನ ಬಲಗಡೆಯಿಂದ ಎತ್ತಿ, ಸೊಸೆಯ ಕಡೆಗೆ ಇಟ್ಟಳು.